ಪಾಂಡಾನ ಪಥ್ಯ, ತೋಟದ ಕೆಂಬೂತ: ಒಂದು ವರದಿ-ಹಾಳೆ ಕಟ್ಟಿನ ವಿಮರ್ಶೆ

ಕಾಸರಗೋಡು ಪೇಟೆಯ ಪುಸ್ತಕದಂಗಡಿಯಲ್ಲಿ ಸಿಗುವ ಈ ಕಟ್ಟಿನಲ್ಲಿ ಆರು ಹಾಳೆಗಳಿವೆ. ನಾಲ್ಕು, ಐದನೇ ತರಗತಿಯ ಮಕ್ಕಳು ಒಂದು ಪ್ರಾಣಿಯ ಆಹಾರದ ಬಗ್ಗೆ ಮಾಹಿತಿ ವರದಿ ಬರೆಯುವ ಮೊದಲು ಇವನ್ನು ತುಂಬಿಸಬೇಕು. ಪ್ರಾಣಿಯ ಆಯ್ಕೆ, ಗೊತ್ತಿರುವುದು ಮತ್ತು ತಿಳಿಯಬೇಕಾದದ್ದು, ಟಿಪ್ಪಣಿ, ವಿಂಗಡಣೆ, ಉಪಶೀರ್ಷಿಕೆ, ವಾಕ್ಯದ ಆರಂಭ, ಹೀಗೆ ಕ್ರಮ. ಕ್ರಮ ಸರಿಯಾಗಿದೆ. ಒಳಗಿನ ಸರಕು ಹಾಳೆಯಿಂದ ಹಾಳೆಗೆ ಏರುಪೇರು.

ಮೊದಲ ಹಾಳೆಯ ತಲೆಯ ಮೇಲೆ ‘ಪ್ರಾಣಿಯ ಪಥ್ಯ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಇಂಗ್ಲಿಷ್ ಹಾಳೆಯನ್ನು ನಿಘಂಟು ಮುಂದಿಟ್ಟುಕೊಂಡು ಕನ್ನಡಕ್ಕೆ ತಂದದ್ದು ಅಲ್ಲಿಗೇ ಗೊತ್ತಾಗುತ್ತದೆ. ನಮ್ಮ ಕಡೆ ಪಥ್ಯ ಅಂದರೆ ಕಷಾಯ ಕುಡಿಯುವಾಗ ಹುಳಿ, ಖಾರ ಬಿಡುವುದು. ಪಾಂಡಾಕ್ಕೆ ಯಾವ ವೈದ್ಯರು ಪಥ್ಯ ಹೇಳಿದರು ಎಂದು ಮಕ್ಕಳು ಕೇಳಿದರೆ ತಪ್ಪು ಅವರದ್ದಲ್ಲ. ಅದನ್ನು ಹೊಡೆದು ‘ಆಹಾರ’ ಎಂದು ಬರೆಸಿ ಮುಂದೆ ಹೋಗಿ.

ಅಲ್ಲಿ ಕೊಟ್ಟ ಮಾದರಿ ಪ್ರಾಣಿಗಳು ಪಾಂಡಾ, ಕೋಆಲಾ, ಹಿಮಕರಡಿ. ದೂರದ ಪ್ರಾಣಿಗಳೆಂಬುದು ಇಲ್ಲಿ ಸಣ್ಣ ತೊಂದರೆ. ಪಾಂಡಾ ತಿನ್ನುವುದು ಬಹುಪಾಲು ಬಿದಿರು, ಕೋಆಲಾ ಬಹುಪಾಲು ನೀಲಗಿರಿ ಎಲೆ. ಒಂದೇ ಸಾಲಿನಲ್ಲಿ ಉತ್ತರ ಮುಗಿಯಿತು, ಮತ್ತೆ ಯೋಜನೆ ಯಾಕೆ? ವಿಂಗಡಿಸಲು ಏನಾದರೂ ಇದ್ದರೆ ಮಾತ್ರ ವಿಂಗಡಣೆ ಕಲಿಸಲು ಆಗುತ್ತದೆ. ಹಾಗಾಗಿ ಹಲವು ಬಗೆ ತಿನ್ನುವ, ಮಗು ಕಣ್ಣಾರೆ ನೋಡಬಲ್ಲ ಪ್ರಾಣಿಯನ್ನೇ ಕೊಡಬೇಕು. ಅಡಿಕೆ ತೋಟದ ಬೇಲಿಯಲ್ಲಿ ಓಡಾಡುವ ಕೆಂಬೂತ ಹಕ್ಕಿ ಇದಕ್ಕೆ ಹೇಳಿ ಮಾಡಿಸಿದ್ದು. ಮನೆಯಲ್ಲಿ ತುಳು ಮಾತಾಡುವ ಮಕ್ಕಳಿಗೆ ಅದು ಕುಪ್ಪುಳು. ಎರಡೂ ಹೆಸರನ್ನು ಹಾಳೆಯ ಮೂಲೆಯಲ್ಲಿ ಬರೆಸಿಟ್ಟರೆ ಮನೆಯ ಹಿರಿಯರಲ್ಲಿ ಕೇಳಿ ತಿಳಿಯುವುದಕ್ಕೆ ಸುಲಭ.

ಕಟ್ಟಿನ ಜೀವ ಇರುವುದು ಮೂರನೆಯ ಹಾಳೆಯಲ್ಲಿ. ಟಿಪ್ಪಣಿಗೆ ಗೆರೆ ಎಳೆದ ಜಾಗ ಇಲ್ಲ. ಬೆಂಕಿಪೊಟ್ಟಣದಷ್ಟು ದೊಡ್ಡ ಹನ್ನೆರಡು ಚೌಕಗಳಿವೆ, ಒಂದೊಂದರಲ್ಲಿ ಮೂರು ಪದ ಹಿಡಿದರೆ ಹೆಚ್ಚು. ಗೆರೆ ಕಂಡರೆ ಮಕ್ಕಳು ಪುಸ್ತಕದ ವಾಕ್ಯವನ್ನು ಪೂರ್ಣವಿರಾಮದವರೆಗೆ ಇಳಿಸಿಬಿಡುತ್ತಾರೆ. ಚೌಕದಲ್ಲಿ ಅದಕ್ಕೆ ಜಾಗವೇ ಇಲ್ಲ. ‘ಬಸವನಹುಳು’, ‘ಇಲಿಮರಿ’, ‘ಬೇರೆ ಹಕ್ಕಿಯ ಮೊಟ್ಟೆ’, ‘ನಡೆದು ಹುಡುಕುತ್ತದೆ’ ಎಂದಷ್ಟೇ ಬರೆಯಬೇಕಾಗುತ್ತದೆ. ಆಮೇಲೆ ವಾಕ್ಯ ಕಟ್ಟುವಾಗ ಮಾತು ಅವರದ್ದೇ ಆಗುತ್ತದೆ. ಟಿಪ್ಪಣಿ ಮಾಡುವಾಗ ಪುಸ್ತಕ ತೆರೆದಿರಲಿ, ವಾಕ್ಯ ಬರೆಯುವಾಗ ಮುಚ್ಚಿರಲಿ. ಇದೊಂದು ನಿಯಮ ಹಾಳೆಯಲ್ಲಿ ಅಚ್ಚಾಗಿಲ್ಲ, ಬಾಯಿಯಲ್ಲೇ ಹೇಳಬೇಕು.

ಪ್ರತಿ ಚೌಕದ ಕೆಳಗೆ ‘ಹೇಗೆ ಗೊತ್ತು?’ ಎಂಬ ಸಣ್ಣ ಖಾನೆ ಇದೆ. ಕಂಡದ್ದಾದರೆ ‘ಕ’, ಓದಿದ್ದಾದರೆ ‘ಓ’, ಕೇಳಿದ್ದಾದರೆ ‘ಕೇ’. ಈ ಸೀಮೆಯಲ್ಲಿ ಇದರ ಬೆಲೆ ಗೊತ್ತಾಗಬೇಕಾದರೆ ಮೊಸಳೆಯನ್ನು ಕೊಟ್ಟು ನೋಡಿ. ಕುಂಬಳೆ ಬಳಿಯ ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದು 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡ ಬಬಿಯಾ ಎಲ್ಲ ಮಕ್ಕಳಿಗೂ ಗೊತ್ತು. ‘ಮೊಸಳೆ ನೈವೇದ್ಯ ತಿನ್ನುತ್ತದೆ’ ಎಂದು ಯಾರಾದರೊಬ್ಬರು ಬರೆದೇ ಬರೆಯುತ್ತಾರೆ. ‘ಬಬಿಯಾನಿಗೆ ನೈವೇದ್ಯ ಕೊಡುತ್ತಿದ್ದರು’ ಎಂಬುದು ಒಂದು ಮೊಸಳೆಯ ವಿಷಯ. ಅದೇ ಜಾತಿಯ ಮೊಸಳೆಗಳು ಮೀನು, ಕಪ್ಪೆ, ಹಾವು, ಹಕ್ಕಿ, ಸಿಕ್ಕಿದರೆ ದೊಡ್ಡ ಪ್ರಾಣಿಗಳನ್ನೂ ತಿನ್ನುತ್ತವೆ ಎಂಬುದು ಜಾತಿಯ ವಿಷಯ. ವರದಿಯ ಮೈಯಲ್ಲಿ ಎರಡನೆಯದು ಬರಬೇಕು. ಮೊದಲನೆಯದನ್ನು ‘ಕೇ’ ಗುರುತಿನೊಡನೆ ‘ವಿಶೇಷ’ ಎಂಬ ಕೊನೆಯ ಚೌಕದಲ್ಲಿ ಇಡಬಹುದು, ಅಳಿಸಬೇಕೆಂದಿಲ್ಲ. ಮಗುವಿನ ನಂಬಿಕೆಗೆ ಕೈಹಾಕದೆ ಇಷ್ಟು ಬಿಡಿಸಿ ಹೇಳಲು ಈ ಪುಟ್ಟ ಖಾನೆ ಸಾಕಾಗುತ್ತದೆ.

ನಾಲ್ಕನೆಯ ಹಾಳೆ ಮಾತ್ರ ಪೂರ್ತಿ ದಾರಿ ತಪ್ಪಿದೆ. ಸಸ್ಯಾಹಾರಿ, ಮಾಂಸಾಹಾರಿ, ಮಿಶ್ರಾಹಾರಿ ಎಂದು ಮೂರು ಬುಟ್ಟಿಗಳ ಚಿತ್ರ. ಬುಟ್ಟಿಗಳು ವಿಂಗಡಿಸುವುದು ಪ್ರಾಣಿಗಳನ್ನು. ಮಗುವಿನ ಕೈಯಲ್ಲಿರುವುದು ಒಂದೇ ಪ್ರಾಣಿ. ಹನ್ನೆರಡು ಟಿಪ್ಪಣಿಯನ್ನೂ ಒಂದೇ ಬುಟ್ಟಿಗೆ ಸುರಿದು ‘ಆಯಿತು ಟೀಚರ್’ ಎಂದು ಕುಳಿತುಬಿಡುತ್ತದೆ. ವಿಂಗಡಿಸಬೇಕಾದದ್ದು ಟಿಪ್ಪಣಿಗಳನ್ನು. ಹಾಳೆಯನ್ನು ಮಗುಚಿ ಹಿಂಬದಿಯಲ್ಲಿ ನಾಲ್ಕು ಮನೆ ಎಳೆಸಿ: ಏನು, ಹೇಗೆ, ಎಲ್ಲಿ-ಯಾವಾಗ, ಯಾವ ಅಂಗ. ಮೂರನೆಯ ಹಾಳೆಯ ಚೌಕಗಳನ್ನು ಕತ್ತರಿಸಿ ಈ ಮನೆಗಳಲ್ಲಿ ಇಟ್ಟು ನೋಡಲಿ, ಕೂಡಲೇ ಅಂಟಿಸುವುದು ಬೇಡ. ಕೆಂಬೂತದ ‘ಏನು’ ತುಂಬಿ ತುಳುಕುತ್ತದೆ: ಕಂಬಳಿಹುಳು, ಬಸವನಹುಳು, ಓತಿ, ಇಲಿಮರಿ, ಮೊಟ್ಟೆ, ಹಣ್ಣು. ‘ಯಾವ ಅಂಗ’ದಲ್ಲಿ ಬಾಗಿದ ಗಟ್ಟಿ ಕೊಕ್ಕು ಒಂದೇ. ಎಲ್ಲಿ ಖಾಲಿ ಇದೆಯೋ ಅಲ್ಲಿ ಮತ್ತೆ ಓದಬೇಕು ಎಂಬುದು ಯಾರೂ ಹೇಳದೆ ಮಗುವಿಗೆ ಕಾಣುತ್ತದೆ. ಐದನೆಯ ಹಾಳೆಯ ಉಪಶೀರ್ಷಿಕೆಗಳು ಈ ನಾಲ್ಕು ಮನೆಗಳಿಂದಲೇ ಬರುತ್ತವೆ, ಅದಕ್ಕೆ ಬೇರೆ ಸಮಯ ಬೇಡ.

ಒಂದು ಕೊರತೆಯನ್ನು ಮಾತ್ರ ಗೆರೆ ಎಳೆದು ತುಂಬಿಸಲಾಗದು. ಬೆಳೆಯುತ್ತಾ ಆಹಾರ ಬದಲಾಗುವ ಪ್ರಾಣಿಗೆ ಈ ಕಟ್ಟಿನಲ್ಲಿ ಎಡೆಯೇ ಇಲ್ಲ. ತೆಂಗಿನ ಮರಕ್ಕೆ ಬೀಳುವ ಕುರುವಾಯಿ ದುಂಬಿಯನ್ನು ತೆಗೆದುಕೊಳ್ಳಿ. ಬೆಳೆದ ದುಂಬಿ ಸುಳಿಯನ್ನು ಕೊರೆದು ರಸ ಹೀರುತ್ತದೆ. ಆಮೇಲೆ ಬಿಚ್ಚಿಕೊಂಡ ಗರಿ ಕತ್ತರಿಯಲ್ಲಿ ಕತ್ತರಿಸಿದಂತೆ ಕಾಣುತ್ತದೆ. ಅದರ ಮರಿ, ಅಂದರೆ ಗೊಬ್ಬರದ ಗುಂಡಿಯಲ್ಲಿ ಸಿಗುವ ಬಿಳಿ ಹುಳು, ತಿನ್ನುವುದು ಕೊಳೆತ ಸಗಣಿ, ಕಸ. ಒಂದೇ ‘ಆಹಾರ’ ಚೌಕದಲ್ಲಿ ಎರಡನ್ನೂ ಬರೆದರೆ ವರದಿ ಗೋಜಲಾಗುತ್ತದೆ. ಗೊದಮೊಟ್ಟೆ ಮತ್ತು ಕಪ್ಪೆಯದ್ದೂ ಇದೇ ಕಥೆ. ಇಂಥ ಪ್ರಾಣಿಗೆ ಮೂರನೆಯ ಹಾಳೆ ಎರಡು ಬೇಕು, ಒಂದು ಮರಿಗೆ, ಒಂದು ಬೆಳೆದದ್ದಕ್ಕೆ.

ಆರನೆಯ ಹಾಳೆಯ ‘ಇದಕ್ಕೆ ತುಂಬಾ ಇಷ್ಟ’, ‘ರುಚಿಯಾಗಿ ತಿನ್ನುತ್ತದೆ’ ಎಂಬ ಆರಂಭಗಳನ್ನು ಹೊಡೆದುಹಾಕಿ. ರುಚಿಯನ್ನು ಯಾರೂ ಕಂಡಿಲ್ಲ. ಬದಲಿಗೆ ‘ಮುಖ್ಯವಾಗಿ’, ‘ಕೆಲವೊಮ್ಮೆ’, ‘ಸಿಕ್ಕಿದರೆ’ ಎಂಬ ಮೂರು ಪದ ಸಾಕು. ಎಷ್ಟು, ಯಾವಾಗ ಎಂಬುದು ಅವುಗಳಲ್ಲೇ ಅಡಗಿದೆ. ಕ್ರಿಯಾಪದದ ಬಗ್ಗೆ ಹಾಳೆ ಏನೂ ಹೇಳುವುದಿಲ್ಲ. ಇಲ್ಲಿ ಅದು ಬೇಕೇ ಬೇಕು. ಹವ್ಯಕ ಮಾತಾಡುವ ಮನೆಯ ಮಗು ‘ಹುಳ ತಿಂತು’ ಎಂದು ಬರೆದರೆ ಅದರ ಮನಸ್ಸಿನಲ್ಲಿರುವುದು ‘ತಿನ್ನುತ್ತದೆ’. ಪುಸ್ತಕದ ಕನ್ನಡ ಓದಿದವರಿಗೆ ಅದು ‘ತಿಂದಿತು’ ಎಂದು ಕೇಳಿಸಿ, ವರದಿ ಕಥೆಯಾಗಿಬಿಡುತ್ತದೆ. ಕೆಂಪು ಗೆರೆ ಎಳೆಯುವ ಮೊದಲು ಇದನ್ನು ಕೇಳಿ ನೋಡಿ.

ಕಾಗದ ತೆಳು. ಶಾಯಿ ಪೆನ್ನು ಹಿಂಬದಿಗೆ ಇಳಿಯುತ್ತದೆ, ಹಿಂಬದಿಯನ್ನೂ ಬಳಸಬೇಕಾಗಿರುವುದರಿಂದ ಪೆನ್ಸಿಲೇ ಸರಿ. ಒತ್ತಕ್ಷರಗಳು ಸಣ್ಣದಾಗಿ ಅಚ್ಚಾಗಿ ‘ಶೀರ್ಷಿಕೆ’ಯ ಅರ್ಕಾವತ್ತು ಮಸಿಯ ಚುಕ್ಕೆಯಂತೆ ಕಾಣುತ್ತದೆ. ಆರೂ ಹಾಳೆಗಳನ್ನು ಒಂದೇ ಪಿರಿಯಡ್‌ನಲ್ಲಿ ಮುಗಿಸಲು ಹೊರಟರೆ ಮೂರನೆಯದೇ ಅರ್ಧಕ್ಕೆ ನಿಲ್ಲುತ್ತದೆ. ಮೊದಲ ಎರಡಕ್ಕೆ ಒಂದು, ಮೂರನೆಯದಕ್ಕೇ ಒಂದು, ಉಳಿದದ್ದಕ್ಕೆ ಒಂದು, ಹೀಗೆ ಮೂರು ಪಿರಿಯಡ್ ಇಟ್ಟುಕೊಳ್ಳಿ. ತರಗತಿಗೆ ಪ್ರತಿ ತೆಗೆಯಬಹುದೆಂದು ರಟ್ಟಿನ ಮೇಲೆ ಬರೆದಿದೆ. ಒಂದು ಕಟ್ಟು ಕೊಂಡು ಮೂರನೆಯ ಹಾಳೆಯನ್ನು ಮಗುವಿಗೆ ಎರಡರಂತೆ ಜೆರಾಕ್ಸ್ ಮಾಡಿಸಿ. ನಾಲ್ಕನೆಯದಕ್ಕೆ ಹಳೆಯ ಕ್ಯಾಲೆಂಡರಿನ ಹಿಂಬದಿ ಧಾರಾಳ ಆಗುತ್ತದೆ.