ಆಟಕ್ಕೆ ಪೂರ್ತಿ ಸ್ಟಾರ್, ನಿಯಮಕ್ಕೆ ಅರ್ಧ: 2020ರ ಆನ್‌ಲೈನ್ ಚೆಸ್ ಒಲಿಂಪಿಯಾಡ್ ಈಗ ಕೂತು ನೋಡಬಹುದಾ?

ಐದಕ್ಕೆ ಮೂರೂವರೆ ಸ್ಟಾರ್. ಆಟವನ್ನಷ್ಟೇ ನೋಡಿದರೆ ಇನ್ನೊಂದು ಸ್ಟಾರ್ ಜಾಸ್ತಿ ಕೊಡುತ್ತಿದ್ದೆ. ನಡೆಸಿದ ರೀತಿ ನೋಡಿ ಕಮ್ಮಿ ಮಾಡಿದೆ.

ಇಷ್ಟು ಹಳೆಯದಕ್ಕೆ ಈಗ್ಯಾಕೆ ರಿವ್ಯೂ ಅಂತ ಕೇಳಬಹುದು. 2025ರ ಜುಲೈನಲ್ಲಿ ದಿವ್ಯಾ ದೇಶ್‌ಮುಖ್ ಜಾರ್ಜಿಯಾದ ಬಟೂಮಿಯಲ್ಲಿ ಕೊನೇರು ಹಂಪಿಯನ್ನೇ ಸೋಲಿಸಿ ಮಹಿಳಾ ವಿಶ್ವಕಪ್ ಗೆದ್ದ ಮೇಲೆ, ಅವರ ಹಳೆಯ ಆಟಗಳನ್ನು ಹುಡುಕುತ್ತಾ ಹೋಗಿ ನಾನು ಇಲ್ಲಿಗೆ ಬಂದು ನಿಂತೆ. ಈ ಇಬ್ಬರೂ ಒಂದೇ ತಂಡದಲ್ಲಿ ಆಡಿದ ಟೂರ್ನಿ ಇದು. ಆಗ ದಿವ್ಯಾಗೆ 14 ವರ್ಷ. ಆಟಗಳೆಲ್ಲ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಹಾಗಾಗಿ ನೋಡಬೇಕಾ ಬೇಡವಾ ಅನ್ನುವ ಪ್ರಶ್ನೆಗೆ ಇವತ್ತಿಗೂ ಅರ್ಥ ಇದೆ.

ಹಿನ್ನೆಲೆ ಚಿಕ್ಕದು. 2020ರಲ್ಲಿ ರಷ್ಯಾದಲ್ಲಿ ಮಾಮೂಲಿ ಒಲಿಂಪಿಯಾಡ್ (ದೇಶ ದೇಶಗಳ ತಂಡಗಳು ಆಡುವ ಚೆಸ್ ಟೂರ್ನಿ) ಆಗಬೇಕಿತ್ತು, ಕೋವಿಡ್ ಬಂತು, ಮುಂದಕ್ಕೆ ಹೋಯಿತು. ಸುಮ್ನೆ ಕೂರುವ ಬದಲು ವಿಶ್ವ ಚೆಸ್ ಸಂಸ್ಥೆ ಫಿಡೆ, ಚೆಸ್ ಡಾಟ್ ಕಾಮ್‌ನಲ್ಲಿ ಜುಲೈ 24ರಿಂದ ಆಗಸ್ಟ್ 30ರವರೆಗೆ ಇದನ್ನು ನಡೆಸಿತು. 163 ದೇಶಗಳು. ಕೆಳಗಿನ ಡಿವಿಷನ್‌ಗಳಿಂದ ಗೆದ್ದವರು ಮೇಲಕ್ಕೆ ಬರುತ್ತಾ ಬರುತ್ತಾ, ಕೊನೆಗೆ 40 ತಂಡಗಳ ಟಾಪ್ ಡಿವಿಷನ್. ಅದರಲ್ಲಿ ಹತ್ತು ಹತ್ತು ತಂಡಗಳ ನಾಲ್ಕು ಗುಂಪು. ಭಾರತ ನೇರವಾಗಿ ಟಾಪ್ ಡಿವಿಷನ್‌ಗೇ ಇಳಿದಿತ್ತು. ಕೆಳಗಿನ ಡಿವಿಷನ್‌ಗಳನ್ನು ನಾನು ಅಷ್ಟಾಗಿ ನೋಡಿಲ್ಲ, ನಿಮಗೂ ಬಿಡಿ ಅಂತಲೇ ಹೇಳುತ್ತೇನೆ.

ಈ ಟೂರ್ನಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ತಂಡ ಕಟ್ಟುವ ನಿಯಮ. ಮಾಮೂಲಿ ಒಲಿಂಪಿಯಾಡ್‌ನಲ್ಲಿ ಓಪನ್ ತಂಡ ಬೇರೆ, ಮಹಿಳಾ ತಂಡ ಬೇರೆ, ಒಂದೊಂದರಲ್ಲೂ ನಾಲ್ಕು ಬೋರ್ಡ್, ಅಂದರೆ ಒಟ್ಟಿಗೆ ನಡೆಯುವ ನಾಲ್ಕು ಆಟ. ಇಲ್ಲಿ ದೇಶಕ್ಕೆ ಒಂದೇ ತಂಡ, ಆರು ಬೋರ್ಡ್: ಮೊದಲ ಎರಡು ಯಾರಿಗಾದರೂ, ಆಮೇಲಿನ ಎರಡು ಮಹಿಳೆಯರಿಗೆ, ಐದನೆಯದು 20ರೊಳಗಿನವರಿಗೆ, ಆರನೆಯದು 20ರೊಳಗಿನ ಹುಡುಗಿಯರಿಗೆ. ಒಂದೊಂದು ಬೋರ್ಡ್‌ಗೂ ಒಂದೇ ಬೆಲೆ: ಗೆದ್ದರೆ ಒಂದು ಪಾಯಿಂಟು, ಡ್ರಾ ಆದರೆ ಅರ್ಧ. ನಿಮ್ಮ ದೇಶದಲ್ಲಿ ಇಬ್ಬರು ಸೂಪರ್ ಗ್ರ್ಯಾಂಡ್‌ಮಾಸ್ಟರ್‌ಗಳಿದ್ದು ಹಿಂದೆ ಯಾರೂ ಇಲ್ಲದಿದ್ದರೆ ಕತೆ ಮುಗಿಯಿತು, ಯಾಕೆಂದರೆ ಮೊದಲ ಬೋರ್ಡ್‌ನಲ್ಲಿ ಬಂದ ಪಾಯಿಂಟು ಆರನೇ ಬೋರ್ಡ್‌ನಲ್ಲಿ ಹೋಗುತ್ತದೆ. ಈ ಲೆಕ್ಕ ನಮಗೆ ಹೇಳಿ ಮಾಡಿಸಿದ ಹಾಗಿತ್ತು. ಮೇಲೆ ಆನಂದ್, ಹರಿಕೃಷ್ಣ, ನಾಯಕ ವಿದಿತ್ ಗುಜರಾತಿ. ಮಧ್ಯದಲ್ಲಿ ಹಂಪಿ, ಹಾರಿಕಾ. ಕೆಳಗೆ ಪ್ರಜ್ಞಾನಂದ, ನಿಹಾಲ್ ಸರಿನ್, ದಿವ್ಯಾ, ವಂತಿಕಾ ಅಗರ್ವಾಲ್. 50 ವರ್ಷದ ಐದು ಬಾರಿಯ ವಿಶ್ವ ಚಾಂಪಿಯನ್ನೂ 14 ವರ್ಷದ ಹುಡುಗಿಯೂ ಒಂದೇ ಸ್ಕೋರ್‌ಗಾಗಿ ಆಡುವುದನ್ನು ಇನ್ನೆಲ್ಲಿ ನೋಡುತ್ತೀರಿ? (ಹನ್ನೆರಡು ಜನರಲ್ಲಿ ಕರ್ನಾಟಕದವರು ಒಬ್ಬರೂ ಇರಲಿಲ್ಲ. ನಮ್ಮಲ್ಲಿ ಮೈಸೂರಿನ ತೇಜ್‌ಕುಮಾರ್, ಶಿವಮೊಗ್ಗದ ಸ್ಟ್ಯಾನಿಯಂಥ ಗ್ರ್ಯಾಂಡ್‌ಮಾಸ್ಟರ್‌ಗಳಿದ್ದರೂ ಪಕ್ಕದ ಚೆನ್ನೈ ಜೊತೆ ಹೋಲಿಸಿದರೆ ನಾವು ಎಲ್ಲಿದ್ದೇವೆ ಅನ್ನುವುದು ಇನ್ನೊಂದು ದಿನದ ಜಗಳ.)

ಈ ನಿಯಮ ಕೆಲಸ ಮಾಡಿದ್ದನ್ನು ನೋಡಬೇಕೆಂದರೆ ಚೀನಾ ಪಂದ್ಯ ನೋಡಿ. ಗುಂಪಿನ ಕೊನೆಯ ಸುತ್ತು. ದೊಡ್ಡವರ ನಾಲ್ಕೂ ಬೋರ್ಡ್ ಡ್ರಾ. ಪ್ರಜ್ಞಾನಂದ ಗೆದ್ದರು, ದಿವ್ಯಾ ಗೆದ್ದರು, 4-2, ಗುಂಪಿನಲ್ಲಿ ನಾವೇ ಮೊದಲು. ಗುಂಪಿನಲ್ಲಿ ಮೊದಲು ಬಂದವರಿಗೆ ನೇರ ಕ್ವಾರ್ಟರ್ ಫೈನಲ್, ಹಾಗಾಗಿ ಆ ಎರಡು ಪಾಯಿಂಟಿಗೆ ತುಂಬಾ ತೂಕ ಇತ್ತು. ಬೆಲೆ ಬಂದದ್ದು ಮಕ್ಕಳ ಬೋರ್ಡ್‌ಗಳಿಗೇ.

ಟೈಮ್ ಕಂಟ್ರೋಲ್ 15 ನಿಮಿಷ, ನಡೆಗೆ 5 ಸೆಕೆಂಡ್ ಸೇರ್ಪಡೆ. ನೋಡುವವರಿಗೆ ಇದು ಸರಿಯಾದ ಅಳತೆ. ಬ್ಲಿಟ್ಜ್ ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದು ಏನಾಯಿತೆಂದೇ ಗೊತ್ತಾಗುವುದಿಲ್ಲ, ಕ್ಲಾಸಿಕಲ್ ಆದರೆ ಮಧ್ಯದಲ್ಲಿ ಒಂದು ನಿದ್ದೆ ತೆಗೆಯಬಹುದು. ಇಲ್ಲಿ ಒಂದು ಪಂದ್ಯ ಒಂದು ಗಂಟೆಯ ಆಸುಪಾಸು. ಆರು ಬೋರ್ಡ್ ಒಟ್ಟಿಗೆ ಓಡುವುದರಿಂದ ಯಾವುದನ್ನು ನೋಡಬೇಕು ಅನ್ನುವ ಗೊಂದಲ ಇದ್ದೇ ಇರುತ್ತದೆ, ಕಾಮೆಂಟರಿ ಮಾಡುವವರೂ ಎಷ್ಟೋ ಸಲ ತಪ್ಪು ಬೋರ್ಡ್ ಮೇಲೆ ಕೂತಿರುತ್ತಾರೆ. ಚೆಸ್‌ಬೇಸ್ ಇಂಡಿಯಾದ ಸಾಗರ್ ಶಾ ಉತ್ಸಾಹ ನನಗೆ ಇಷ್ಟ, ಅವರ ದನಿ ಜಾಸ್ತಿಯಾಯಿತು ಅನ್ನುವವರೂ ಇದ್ದಾರೆ. ಕನ್ನಡದಲ್ಲಿ ಕಾಮೆಂಟರಿ ಹುಡುಕಿದೆ, ಸಿಗಲಿಲ್ಲ.

ಆಟದ ಮಟ್ಟಿಗೆ ಪೈಸಾ ವಸೂಲ್ ಅಂದರೆ ಪೋಲೆಂಡ್ ವಿರುದ್ಧದ ಸೆಮಿಫೈನಲ್. ನಾಕೌಟ್‌ನಲ್ಲಿ ಒಂದೊಂದು ಮುಖಾಮುಖಿಗೂ ಎರಡು ಸುತ್ತು. ಮೊದಲನೆಯದರಲ್ಲಿ 2-4 ಸೋಲು, ಆನಂದ್ ಅವರೇ ಡುಡಾ ಕೈಯಲ್ಲಿ ಸೋತರು. ಎರಡನೆಯದರಲ್ಲಿ ಆನಂದ್ ಅದೇ ಡುಡಾಗೆ ತಿರುಗೇಟು ಕೊಟ್ಟರು, ತಂಡ 4.5-1.5ರಲ್ಲಿ ಗೆದ್ದಿತು. ಪಾಯಿಂಟು ಕೂಡಿಸುವುದಿಲ್ಲ, ಸುತ್ತುಗಳ ಲೆಕ್ಕದಲ್ಲಿ 1-1 ಸಮ ಆಯಿತಲ್ಲ, ಇನ್ನು ಒಂದೇ ಒಂದು ಆರ್ಮಗೆಡ್ಡನ್ ಆಟ. ಬಿಳಿಗೆ ಸಮಯ ಜಾಸ್ತಿ, ಡ್ರಾ ಆದರೆ ಕಪ್ಪು ಗೆದ್ದಂತೆ. ಹನ್ನೆರಡು ಆಟ ಆದ ಮೇಲೆ ಇಡೀ ದೇಶದ ಲೆಕ್ಕ ಒಬ್ಬರ ಮೌಸ್ ಮೇಲೆ. ಹಂಪಿ, ಮೋನಿಕಾ ಸೋಚ್ಕೋ ವಿರುದ್ಧ ಗೆದ್ದರು. ಫಲಿತಾಂಶ ಗೊತ್ತಿದ್ದೂ ಮತ್ತೆ ನೋಡುವಾಗ ನನಗೆ ಕೈ ಬೆವರಿತು.

ಈಗ ಸ್ಟಾರ್ ಕಳೆದುಕೊಂಡ ಭಾಗ.

ನಿಯಮದ ಪ್ರಕಾರ ಇಂಟರ್ನೆಟ್ ಜವಾಬ್ದಾರಿ ಆಟಗಾರನದೇ. ಕನೆಕ್ಷನ್ ಹೋದರೆ ಗಡಿಯಾರ ನಿಲ್ಲುವುದಿಲ್ಲ, ಟೈಮ್ ಮುಗಿದರೆ ಸೋಲು. ಕೇಳಲು ಸರಳ. ಕ್ವಾರ್ಟರ್ ಫೈನಲ್‌ನಲ್ಲಿ ನಮ್ಮ ಎದುರು ಅರ್ಮೇನಿಯಾ. ಮೊದಲ ಸುತ್ತಿನಲ್ಲಿ ನಿಹಾಲ್ ಎದುರು ಆಡುತ್ತಿದ್ದ ಹೈಕ್ ಮಾರ್ಟಿರೋಸ್ಯಾನ್ ಕನೆಕ್ಷನ್ ತಪ್ಪಿ ಟೈಮ್ ಮೇಲೆ ಸೋತರು. ಭಾರತ 3.5-2.5. ತಮ್ಮ ಕಡೆ ಇಂಟರ್ನೆಟ್ ಸರಿಯಾಗಿಯೇ ಇತ್ತು ಅಂತ ಅರ್ಮೇನಿಯಾದವರು ಮೇಲ್ಮನವಿ ಹಾಕಿದರು. ತಿರಸ್ಕಾರವಾಯಿತು. ಅವರು ಎರಡನೇ ಸುತ್ತು ಆಡದೆ ಎದ್ದು ಹೋದರು. ನಾವು ಸೆಮಿಫೈನಲ್‌ಗೆ. ಆ ಆಟ ಒಂದು ಡ್ರಾ ಆಗಿದ್ದರೂ ಸ್ಕೋರ್ 3-3 ಆಗುತ್ತಿತ್ತು, ಇದನ್ನು ಮರೆಯಬಾರದು.

ಎರಡೇ ದಿನ ಕಳೆದು, ಆಗಸ್ಟ್ 30ರ ಭಾನುವಾರ, ಫೈನಲ್. ಎದುರು ರಷ್ಯಾ. ಮೊದಲ ಸುತ್ತು ಆರೂ ಬೋರ್ಡ್ ಡ್ರಾ, 3-3. ಎರಡನೇ ಸುತ್ತಿನ ಮಧ್ಯೆ ನಿಹಾಲ್ ಕನೆಕ್ಷನ್ ಹೋಯಿತು, ದಿವ್ಯಾದೂ ಹೋಯಿತು. ಇಬ್ಬರೂ ಟೈಮ್ ಮೇಲೆ ಸೋಲು. ಬೋರ್ಡ್ ಮೇಲೆ ದಿವ್ಯಾಗೆ ಗೆಲುವಿನ ಸ್ಥಿತಿ, ನಿಹಾಲ್ ಆಟ ಹೆಚ್ಚುಕಮ್ಮಿ ಸಮ. ಸ್ಕೋರ್ ರಷ್ಯಾ ಕಡೆ 4.5-1.5 ಅಂತ ಬಂತು. ದಿವ್ಯಾ ಗೆದ್ದು ನಿಹಾಲ್ ಡ್ರಾ ಮಾಡಿಕೊಂಡಿದ್ದರೆ? ಲೆಕ್ಕ ಹಾಕಿ ನೋಡಿ, ಮತ್ತೆ 3-3. ಆ ದಿನ ಎಷ್ಟೋ ವೆಬ್‌ಸೈಟ್‌ಗಳು ನಂಬಿಕೊಂಡಿರುವ ಕ್ಲೌಡ್‌ಫ್ಲೇರ್ ಸೇವೆ ಜಗತ್ತಿನ ಎಷ್ಟೋ ಕಡೆ ಕೈಕೊಟ್ಟಿತ್ತು, ಅದರ ಪೆಟ್ಟು ಇಲ್ಲಿಗೂ ಬಿದ್ದಿತ್ತು. ಈ ಸಲ ಮೇಲ್ಮನವಿ ಹಾಕಿದ್ದು ನಾವು. ಸಮಿತಿಯಲ್ಲಿ ಒಮ್ಮತ ಬರಲಿಲ್ಲ. ಕೊನೆಗೆ ಫಿಡೆ ಅಧ್ಯಕ್ಷ ಅರ್ಕಾಡಿ ಡ್ವೊರ್ಕೊವಿಚ್ ಎರಡೂ ತಂಡಗಳಿಗೆ ಚಿನ್ನ ಅಂತ ಘೋಷಿಸಿದರು. ಅವರೇ ರಷ್ಯಾದವರು, ತಮ್ಮ ದೇಶದ ಪೂರ್ತಿ ಚಿನ್ನದಲ್ಲಿ ಅರ್ಧ ಬಿಟ್ಟುಕೊಟ್ಟ ಹಾಗಾಯಿತು, ಅದಕ್ಕೆ ಮೆಚ್ಚಲೇಬೇಕು.

ನಮ್ಮವರು ಗೆದ್ದರು ಅಂತ ನನಗೂ ಖುಷಿ. ಆದರೆ ರಿವ್ಯೂ ಅಂದಮೇಲೆ ನೇರ ಹೇಳಬೇಕಲ್ವಾ. ಅರ್ಮೇನಿಯಾಗೆ ನಿಯಮ ಪುಸ್ತಕ ತೋರಿಸಿದರು, ಫೈನಲ್‌ನಲ್ಲಿ ಪುಸ್ತಕ ಪಕ್ಕಕ್ಕಿಟ್ಟರು. ಎರಡೂ ಒಂದೇ ಥರದ ಘಟನೆ ಅಲ್ಲ, ಒಂದು ಕಡೆ ಒಬ್ಬನ ಕನೆಕ್ಷನ್, ಇನ್ನೊಂದು ಕಡೆ ಜಗತ್ತಿನ ಅರ್ಧ ನೆಟ್, ಒಪ್ಪುತ್ತೇನೆ. ಆದರೆ ಆ ವ್ಯತ್ಯಾಸ ನಿಯಮದಲ್ಲಿ ಮೊದಲೇ ಬರೆದಿರಬೇಕಿತ್ತು. ಮನೆಯಲ್ಲಿ ಕೂತು ಆಡುವ ಟೂರ್ನಿಗೆ ಕರೆಂಟು, ನೆಟ್ಟು ಹೋಗೋದು ಅಪರೂಪದ ಸಂಗತಿಯಾ? ಭಾರತದಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಕನೆಕ್ಷನ್ ಹೋದ ಆಟವನ್ನು ನಿಲ್ಲಿಸಿ ಅದೇ ಸ್ಥಿತಿಯಿಂದ ಮುಂದುವರಿಸುವುದು ಕಷ್ಟ, ಆ ಗ್ಯಾಪ್‌ನಲ್ಲಿ ಎಂಜಿನ್ (ಒಳ್ಳೆಯ ನಡೆ ಹೇಳಿಕೊಡುವ ಕಂಪ್ಯೂಟರ್ ಪ್ರೋಗ್ರಾಂ) ನೋಡಿಬಿಡಬಹುದು ಅನ್ನುವ ಭಯ ಇರುತ್ತದೆ, ಅದು ನಿಜ. ಆದರೆ ಅಂಥ ಬೋರ್ಡ್ ಅನ್ನು ಹೊಸದಾಗಿ ಆಡಿಸುವ ನಿಯಮ ಇಟ್ಟುಕೊಳ್ಳಬಹುದಿತ್ತು. ಕಡೆಗೆ ಅರ್ಮೇನಿಯಾದ ಅರೋನಿಯನ್ ಸಿಟ್ಟಾದದ್ದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ.

ಡೆಲಿವರಿ ಬಗ್ಗೆಯೂ ಒಂದು ಮಾತು, ರಿವ್ಯೂ ಅಂದರೆ ಅದೂ ಬೇಕಲ್ಲ! ಚಿನ್ನದ ಪದಕಗಳು ಡಿಸೆಂಬರ್ ಹೊತ್ತಿಗೆ ಬಂದವು. ತಂಡದ ಉಪನಾಯಕ ಶ್ರೀನಾಥ್ ನಾರಾಯಣನ್ ಟ್ವಿಟರ್‌ನಲ್ಲಿ ಬರೆದುಕೊಂಡಿದ್ದು: ರಷ್ಯಾದಿಂದ ಭಾರತಕ್ಕೆ ಮೂರು ದಿನ, ಬೆಂಗಳೂರಿನಿಂದ ಮುಂದೆ ಬರಲು ಒಂದು ವಾರಕ್ಕೂ ಜಾಸ್ತಿ. ಮೇಲೆ ಕಸ್ಟಮ್ಸ್ ಸುಂಕ 6,300 ರೂಪಾಯಿ. ದೇಶಕ್ಕೆ ಆಡಿ ಗೆದ್ದ ಪದಕಕ್ಕೆ ತೆರಿಗೆ! ಗಲಾಟೆ ಆದ ಮೇಲೆ ದುಡ್ಡು ವಾಪಸ್ ಕೊಡುವ ಮಾತು ಬಂತು. ಕರ್ನಾಟಕಕ್ಕೂ ಈ ಟೂರ್ನಿಗೂ ಇದ್ದ ನಂಟು ಇದೊಂದೇ ಅನ್ನುವುದು ಸ್ವಲ್ಪ ಬೇಜಾರಿನ ವಿಷಯ.

2021ರಲ್ಲಿ ಎರಡನೇ ಸೀಸನ್ ಆಯಿತು. ನಮ್ಮವರು ಈ ಸಲ ಬುದ್ಧಿವಂತಿಕೆ ಮಾಡಿ ಚೆನ್ನೈನ ಒಂದು ಹೋಟೆಲ್‌ನಲ್ಲಿ ಒಟ್ಟಿಗೆ ಕೂತು ಆಡಿದರು. ಸೆಮಿಫೈನಲ್‌ನಲ್ಲಿ ಅಮೆರಿಕ ಎದುರು ಮೊದಲ ಸುತ್ತು 5-1 ಗೆದ್ದು, ಎರಡನೆಯದನ್ನು ಅದೇ 1-5ರಲ್ಲಿ ಕಳೆದುಕೊಂಡು, ಬ್ಲಿಟ್ಜ್ ಟೈಬ್ರೇಕ್‌ನಲ್ಲಿ ಮುಗ್ಗರಿಸಿದರು. ಕಂಚು. ಆಡಳಿತದ ಮಟ್ಟಿಗೆ ಅದು ಉತ್ತಮ ಸೀಸನ್, ರೋಚಕತೆಗೆ ಮೊದಲನೆಯದೇ. ಆಮೇಲೆ ರಷ್ಯಾದ ಪಾಲಿನ ಒಲಿಂಪಿಯಾಡ್ 2022ರಲ್ಲಿ ತಿರುಗಿ ಮಾಮಲ್ಲಪುರಂಗೆ ಬಂತು, ಆಟ ಮತ್ತೆ ಹಾಲ್ ಒಳಗೆ ಹೋಯಿತು. ಆರು ಬೋರ್ಡ್‌ನ ಮಿಶ್ರ ತಂಡದ ನಿಯಮ ಮಾತ್ರ ಒಲಿಂಪಿಯಾಡ್‌ಗೆ ದಾಟಲಿಲ್ಲ. ನನ್ನನ್ನು ಕೇಳಿದರೆ ಉಳಿಸಿಕೊಳ್ಳಬೇಕಿದ್ದುದೇ ಅದು.

ನೋಡುವವರಿಗೆ ನನ್ನ ಸಲಹೆ: ಮೊದಲು ಚೀನಾ, ಆಮೇಲೆ ಪೋಲೆಂಡ್‌ನ ಎರಡೂ ಸುತ್ತು ಮತ್ತು ಹಂಪಿ ಆರ್ಮಗೆಡ್ಡನ್. ಫೈನಲ್‌ನ ಮೊದಲ ಸುತ್ತನ್ನು ಓಡಿಸಿಕೊಂಡು ನೋಡಿದರೂ ನಷ್ಟವಿಲ್ಲ. ಮನೆಯಲ್ಲಿ ಚೆಸ್ ಕಲಿಯುವ ಹೆಣ್ಣುಮಕ್ಕಳಿದ್ದರೆ ಮೂರರಿಂದ ಆರನೇ ಬೋರ್ಡ್‌ವರೆಗೆ ತೋರಿಸಿ, ಮೊದಲೆರಡು ಬೋರ್ಡ್ ಅವರು ಹೇಗೂ ಬೇರೆ ಕಡೆ ನೋಡಿರುತ್ತಾರೆ.