ಗ್ಯಾಸ್ಟ್ರಿಕ್ ಬ್ಯಾಂಡ್ ಜೊತೆ ಹದಿನಾಲ್ಕು ವರ್ಷ: ಬಿಗಿ ಎಷ್ಟಿರಬೇಕು ಅನ್ನೋದನ್ನ ನಾನು ಕಲಿತದ್ದು ಹೀಗೆ

ನಾನು ಬ್ಯಾಂಡ್ ಹಾಕಿಸಿಕೊಂಡದ್ದು 2011ರ ಮಾರ್ಚ್‌ನಲ್ಲಿ, ಮೆಲ್ಬರ್ನ್‌ನಲ್ಲಿ. ಆಗ ನನ್ನ ತೂಕ 112 ಕೆಜಿ, ಎತ್ತರ 158 ಸೆಂ.ಮೀ. ಎರಡನೇ ಬಸಿರಿನಲ್ಲಿ ಕಾಣಿಸಿಕೊಂಡ ಸಕ್ಕರೆ ಕಾಯಿಲೆ ಹೆರಿಗೆಯಾದ ಮೇಲೂ ಹೋಗಿರಲಿಲ್ಲ. ಮೆಟ್ಟಿಲು ಹತ್ತಿದರೆ ಮಂಡಿ ನೋವು, ಮಗುವಿನ ಹಿಂದೆ ಓಡಿದರೆ ಏದುಸಿರು. ಇವತ್ತು 84 ಕೆಜಿ ಇದ್ದೇನೆ. ನಡುವೆ ಒಮ್ಮೆ 76ಕ್ಕೆ ಇಳಿದಿದ್ದೆ, ಒಮ್ಮೆ 91ಕ್ಕೆ ಏರಿದ್ದೆ. ಆ ಏರಿಳಿತದ ಕಥೆಯೇ ಈ ವಿಮರ್ಶೆ. ಆಪರೇಷನ್ ಹೇಗೆ ಮಾಡುತ್ತಾರೆ ಅಂತ ಹೇಳುವವರು ಎಷ್ಟೋ ಜನ ಸಿಕ್ಕರು. ಅದರ ಜೊತೆ ಬದುಕುವುದು ಹೇಗೆ ಅಂತ ನನ್ನ ಭಾಷೆಯಲ್ಲಿ ಹೇಳುವವರು ನನಗೆ ಒಬ್ಬರೂ ಸಿಗಲಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ತೂಕ ಇಳಿಸಲು ಜಠರದ ಮೇಲ್ತುದಿಗೆ, ಅನ್ನನಾಳ ಬಂದು ಸೇರುವ ಜಾಗದ ಸ್ವಲ್ಪ ಕೆಳಗೆ, ಸಿಲಿಕೋನ್ ಪಟ್ಟಿಯೊಂದನ್ನು ಉಂಗುರದ ಹಾಗೆ ಸುತ್ತುತ್ತಾರೆ. ಪಟ್ಟಿಯ ಒಳಮೈಯಲ್ಲಿ ಬಲೂನು ಇರುತ್ತದೆ. ಅದರಿಂದ ಸಣ್ಣ ಕೊಳವೆ ಹೊರಟು, ಹೊಟ್ಟೆಯ ಚರ್ಮದಡಿ ಹೊಲಿದಿಟ್ಟ ಪೋರ್ಟ್ ಎಂಬ ಬಿಲ್ಲೆಗೆ ಸೇರುತ್ತದೆ. ಆ ಬಿಲ್ಲೆಗೆ ಸೂಜಿ ಚುಚ್ಚಿ ಸಲೈನ್ ತುಂಬಿದರೆ ಪಟ್ಟಿ ಬಿಗಿಯಾಗುತ್ತದೆ, ತೆಗೆದರೆ ಸಡಿಲವಾಗುತ್ತದೆ. ಜಠರ ಕತ್ತರಿಸುವುದಿಲ್ಲ, ಕರುಳು ತಿರುಗಿಸುವುದಿಲ್ಲ. ಬೇಡವೆಂದರೆ ತೆಗೆಯಬಹುದು. ನನ್ನ ಧೈರ್ಯಕ್ಕೆ ಕಾರಣ ಇದೊಂದೇ. ನನ್ನದು 10 ಮಿ.ಲೀ. ಹಿಡಿಯುವ ಲ್ಯಾಪ್-ಬ್ಯಾಂಡ್.

ಆಗ ಆಸ್ಟ್ರೇಲಿಯಾದಲ್ಲಿ ತೂಕದ ಆಪರೇಷನ್ ಅಂದರೆ ಬಹುಪಾಲು ಬ್ಯಾಂಡೇ. ಮೆಲ್ಬರ್ನ್‌ನ ವೈದ್ಯರಾದ ಪಾಲ್ ಓಬ್ರಿಯನ್, ಜಾನ್ ಡಿಕ್ಸನ್ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. 2008ರಲ್ಲಿ ಅವರ ತಂಡದ ಒಂದು ಅಧ್ಯಯನ ಪ್ರಕಟವಾಗಿತ್ತು. ಇತ್ತೀಚೆಗೆ ಟೈಪ್ 2 ಮಧುಮೇಹ ಬಂದ 60 ಜನರಲ್ಲಿ ಅರ್ಧದಷ್ಟು ಮಂದಿಗೆ ಬ್ಯಾಂಡ್ ಹಾಕಿ, ಉಳಿದವರಿಗೆ ಮಾಮೂಲಿ ಚಿಕಿತ್ಸೆ ಕೊಟ್ಟು, ಎರಡು ವರ್ಷ ನೋಡಿದ್ದರು. ಬ್ಯಾಂಡಿನವರಲ್ಲಿ ನೂರಕ್ಕೆ 73 ಮಂದಿಯ ಮಧುಮೇಹ ಹಿಮ್ಮೆಟ್ಟಿತ್ತು, ಉಳಿದವರಲ್ಲಿ 13 ಮಂದಿಯದು. ನನ್ನ ಜಿಪಿ, ಅಂದರೆ ಮನೆ ಹತ್ತಿರದ ಮಾಮೂಲಿ ಡಾಕ್ಟರು, ಆ ಅಂಕಿ ತೋರಿಸಿದ ದಿನವೇ ನಾನು ಒಪ್ಪಿದೆ. ನನ್ನ ಅಪ್ಪ ಸಕ್ಕರೆ ಕಾಯಿಲೆಯಿಂದ ಕಾಲಿನ ಎರಡು ಬೆರಳು ಕಳೆದುಕೊಂಡವರು.

ಆಪರೇಷನ್ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದಕ್ಕೆ ಮೊದಲು ಎರಡು ವಾರ ಊಟದ ಬದಲು ಆಪ್ಟಿಫಾಸ್ಟ್ ಎಂಬ ಪುಡಿ ಕಲಸಿ ಕುಡಿದೆ. ಯಕೃತ್ತು ಕುಗ್ಗಿದರೆ ಸರ್ಜನ್‌ಗೆ ಜಾಗ ಸಿಗುತ್ತದೆಯಂತೆ. ಐದು ಸಣ್ಣ ಗಾಯ, ಒಂದು ರಾತ್ರಿ ಆಸ್ಪತ್ರೆ. ಆಪರೇಷನ್ನಿಗೆ ಹೊಟ್ಟೆಗೆ ತುಂಬಿದ ಗ್ಯಾಸಿನಿಂದ ಭುಜದಲ್ಲಿ ನೋವು ಮೂರು ದಿನ ಇತ್ತು. ಆಮೇಲೆ ಎರಡು ವಾರ ದ್ರವ, ಎರಡು ವಾರ ನುಣ್ಣಗೆ ರುಬ್ಬಿದ ಊಟ, ನಂತರ ಮೆತ್ತಗಿನದು.

ಕಷ್ಟ ಶುರುವಾದದ್ದು ತಟ್ಟೆಯ ಮುಂದೆ ಕೂತಾಗ.

ನಾನು ಹಾಸನದ ಕಡೆಯವಳು. ಮುದ್ದೆ ಅಗಿಯಬಾರದು, ನುಂಗಬೇಕು ಅಂತ ಐದನೇ ವಯಸ್ಸಿಗೇ ಕಲಿತವಳು. ಬ್ಯಾಂಡ್ ಹೇಳುವುದು ತದ್ವಿರುದ್ಧ: ತುತ್ತು ಹತ್ತು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಿರಲಿ, ಇಪ್ಪತ್ತು ಸಲ ಅಗಿ, ನುಂಗಿ ಒಂದು ನಿಮಿಷ ಕಾದು ಮುಂದಿನದು. ಐದನೇ ತಿಂಗಳಲ್ಲಿ ಆಸೆ ತಡೆಯಲಾರದೆ ಸೊಪ್ಪಿನ ಸಾರಿನಲ್ಲಿ ಅದ್ದಿ ಒಂದು ಸಣ್ಣ ತುತ್ತು ಮುದ್ದೆ ನುಂಗಿದೆ. ಎದೆಯ ನಡುವೆ ಕಲ್ಲು ಕೂತ ಹಾಗಾಯಿತು. ಬಾಯಿ ತುಂಬ ಲೋಳೆ ಲೋಳೆ ಜೊಲ್ಲು ಉಕ್ಕಿ ಬಂತು, ನಲವತ್ತು ನಿಮಿಷ ಸಿಂಕಿನ ಮುಂದೆ ಬಗ್ಗಿ ನಿಂತೆ. ಬ್ಯಾಂಡ್ ಹಾಕಿಸಿಕೊಂಡವರು ಇದನ್ನು ‘ಸ್ಟಕ್ ಆಯ್ತು’ ಅನ್ನುತ್ತಾರೆ. ಆಗ ನೀರು ಕುಡಿದು ಇಳಿಸೋಣ ಅಂತ ಮಾತ್ರ ಹೋಗಬೇಡಿ. ನೀರು ಇಳಿಯಲು ದಾರಿ ಇರುವುದಿಲ್ಲ, ಎಲ್ಲ ಮೇಲೆ ಬರುತ್ತದೆ. ಎದ್ದು ಓಡಾಡಿ, ಉಸಿರು ನಿಧಾನ ಮಾಡಿ, ಕಾಯಿರಿ. ಆ ದಿನ ಮತ್ತೆ ಗಟ್ಟಿ ಊಟ ಬೇಡ.

ನಮ್ಮ ಅಡುಗೆಯಲ್ಲಿ ಯಾವುದು ಇಳಿಯುತ್ತದೆ ಎಂದು ಅಲ್ಲಿನ ಡಯಟೀಷಿಯನ್‌ಗೆ ಗೊತ್ತಿರಲಿಲ್ಲ, ಪಾಪ. ಅವರ ಪಟ್ಟಿಯಲ್ಲಿ ಬ್ರೆಡ್ಡು, ಸ್ಟೇಕು, ಪಾಸ್ತಾ. ನಾನೇ ಒಂದೊಂದಾಗಿ ಕಂಡುಕೊಂಡೆ. ಮೆತ್ತಗೆ ಬೆಂದ ಅನ್ನ ಸುಲಭ ಅಂದುಕೊಂಡಿದ್ದೆ, ಅದೇ ಗೋಂದಿನ ಹಾಗೆ ಮೆತ್ತಿಕೊಳ್ಳುತ್ತದೆ. ಉದುರುದುರಾದ ಚಿತ್ರಾನ್ನ, ಅಗಿದು ತಿಂದರೆ, ವಾಸಿ. ಚಪಾತಿ ಬೇಡ. ದೋಸೆಯ ಗರಿಗರಿ ಅಂಚು ಸರಿ, ನಡುವಿನ ದಪ್ಪ ಭಾಗ ಬೇಡ. ಇಡ್ಲಿ ಒಳಗೆ ಹೋಗಿ ಊದುತ್ತದೆ, ಸಾಂಬಾರಿನಲ್ಲಿ ಪೂರ್ತಿ ನೆನೆಸಿ ಅರ್ಧ ತಿನ್ನಬಹುದು. ಹೆಸರುಬೇಳೆ ತೊವ್ವೆ, ಮೊಟ್ಟೆ, ಮೀನು, ಹುರುಳಿ ಕಟ್ಟಿನ ಸಾರು ಚಿನ್ನ. ಕೋಳಿಯಾದರೆ ತೊಡೆ ಮಾಂಸ, ಎದೆ ಭಾಗ ಒಣಗಿ ನಾರಾಗಿರುತ್ತದೆ. ಊಟದ ಜೊತೆ ಮಜ್ಜಿಗೆ, ನೀರು ಕುಡಿಯುವ ಹಾಗಿಲ್ಲ; ಮುಗಿದ ಮೇಲೂ ಸ್ವಲ್ಪ ಹೊತ್ತು ಬಿಡಬೇಕು. ಊಟದ ಕೊನೆಗೆ ಮಜ್ಜಿಗೆ ಇಲ್ಲದೆ ಎದ್ದು ಬರುವುದನ್ನು ಒಗ್ಗಿಸಿಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬ್ಯಾಂಡ್ ಅಂದರೆ ಆಪರೇಷನ್ ಅಂದುಕೊಂಡಿದ್ದೆ. ಆದರೆ ನಿಜವಾದ ಚಿಕಿತ್ಸೆ ಇರುವುದು ‘ಫಿಲ್’ನಲ್ಲಿ, ಅಂದರೆ ಆಗಾಗ ಹೋಗಿ ಸಲೈನ್ ಹೆಚ್ಚುಕಮ್ಮಿ ಮಾಡಿಸಿಕೊಳ್ಳುವುದರಲ್ಲಿ. ಹಾಸಿಗೆಯ ಮೇಲೆ ಮಲಗಿ, ಕಾಲು ಸ್ವಲ್ಪ ಎತ್ತಿದರೆ ಹೊಟ್ಟೆ ಬಿಗಿಯುತ್ತದೆ. ವೈದ್ಯರು ಬೆರಳಿಂದ ಬಿಲ್ಲೆ ಹುಡುಕಿ, ಹ್ಯೂಬರ್ ಎಂಬ ವಿಶೇಷ ಸೂಜಿ ಚುಚ್ಚುತ್ತಾರೆ. ಮಾಮೂಲಿ ಸೂಜಿಯಿಂದ ಪೋರ್ಟ್ ತೂತಾಗಿ ಸೋರುತ್ತದೆ. ರಕ್ತ ತೆಗೆಯುವಷ್ಟೇ ನೋವು, ಎರಡು ನಿಮಿಷದ ಕೆಲಸ. ಎದ್ದು ಕೂತು ಒಂದು ಲೋಟ ನೀರು ಕುಡಿದು ತೋರಿಸಬೇಕು, ಸಲೀಸಾಗಿ ಇಳಿದರೆ ಮನೆಗೆ. ನನಗೆ ಮೊದಲ ವರ್ಷ ಒಂಬತ್ತು ಸಲ ಆಯಿತು. 3 ಮಿ.ಲೀ.ನಿಂದ ಶುರುವಾಗಿ 5.8ಕ್ಕೆ ಬಂದಾಗ ಒಂದು ಸಣ್ಣ ಬಟ್ಟಲು ಊಟಕ್ಕೆ ಸಮಾಧಾನ ಆಗತೊಡಗಿತು. ಮುಂದಿನ ಊಟದವರೆಗೂ ಹಸಿವೆಯ ನೆನಪೇ ಇರುತ್ತಿರಲಿಲ್ಲ. ಆ ಅನುಭವ ನನ್ನ ಜೀವಮಾನದಲ್ಲಿ ಅದೇ ಮೊದಲು. ಇದನ್ನು ‘ಗ್ರೀನ್ ಜೋನ್’ ಅನ್ನುತ್ತಾರೆ. ಹದಿನೆಂಟು ತಿಂಗಳಿಗೆ 85 ಕೆಜಿಗೆ ಬಂದೆ, ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ನಿಂತಿತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ತೂಕ ಕದಲುವುದು ನಿಂತಾಗ ನಾನೇ ಕೇಳಿ ಕೇಳಿ ಬಿಗಿ ಮಾಡಿಸಿಕೊಂಡೆ. 6.2, ಆಮೇಲೆ 6.6. ಬಿಗಿಯಾದಷ್ಟೂ ಒಳ್ಳೆಯದು ಎಂಬ ಲೆಕ್ಕ. ಕ್ಲಿನಿಕ್ಕಿನಲ್ಲಿ ಯಾರೂ ಬೇಡ ಅನ್ನಲಿಲ್ಲ, ಏನು ತಿನ್ನುತ್ತಿದ್ದೀಯ ಅಂತಲೂ ಕೇಳಲಿಲ್ಲ. ತೂಕ 76 ಆಯಿತು, ಎಲ್ಲರೂ ಹೊಗಳಿದರು. ನಿಜಕ್ಕೂ ನಡೆಯುತ್ತಿದ್ದುದೇನು? ತರಕಾರಿ ಇಳಿಯುತ್ತಿರಲಿಲ್ಲ, ಮೊಟ್ಟೆ ಇಳಿಯುತ್ತಿರಲಿಲ್ಲ. ಐಸ್‌ಕ್ರೀಮು, ಪಾಯಸ, ಚಾಕೊಲೇಟು, ಚಹಾದಲ್ಲಿ ಕರಗಿದ ಬಿಸ್ಕತ್ತು ಜಾರಿ ಹೋಗುತ್ತಿದ್ದವು. ಗಟ್ಟಿ ಊಟ ತಡೆದು ಸಿಹಿಗೆ ಬಾಗಿಲು ತೆರೆದ ಹಾಗೆ. ದಿನಕ್ಕೊಮ್ಮೆ ವಾಂತಿ ಮಾಮೂಲಿಯಾಗಿತ್ತು, ಅದನ್ನು ಮಾಮೂಲಿ ಅಂತ ನಂಬಿಯೂ ಇದ್ದೆ. ರಾತ್ರಿ ಮಲಗಿದರೆ ಹುಳಿ ನೀರು ಗಂಟಲಿಗೆ ಬಂದು ಕೆಮ್ಮು. ಮೂರು ದಿಂಬು ಒರಗಿಸಿ ಕೂತೇ ನಿದ್ದೆ ಮಾಡಿದ ತಿಂಗಳುಗಳಿವೆ. ರಾತ್ರಿ ಕೆಮ್ಮು ನಿಲ್ಲದಿದ್ದರೆ ಬ್ಯಾಂಡ್ ಬಿಗಿಯಾಗಿದೆ ಎಂದೇ ಮೊದಲು ಯೋಚಿಸಿ.

2015ರಲ್ಲಿ ಎರಡು ದಿನ ನೀರೂ ಇಳಿಯದೆ ತುರ್ತು ವಿಭಾಗಕ್ಕೆ ಹೋದೆ. ಬೇರಿಯಂ ಕುಡಿಸಿ ಎಕ್ಸ್-ರೇ ತೆಗೆದರು. ಬ್ಯಾಂಡಿನ ಮೇಲೆ ಉಳಿಯುವ ಜಠರದ ಪುಟ್ಟ ಚೀಲ ಹಿಗ್ಗಿ ದೊಡ್ಡದಾಗಿತ್ತು, ಅನ್ನನಾಳವೂ ಅಗಲವಾಗತೊಡಗಿತ್ತು. ಪುಣ್ಯಕ್ಕೆ ಬ್ಯಾಂಡ್ ಜಾರಿರಲಿಲ್ಲ, ಜಠರದ ಗೋಡೆ ಕೊರೆದು ಒಳಗೆ ಹೋಗಿರಲಿಲ್ಲ. ಅವೆರಡರಲ್ಲಿ ಒಂದಾಗಿದ್ದರೂ ಮತ್ತೆ ಆಪರೇಷನ್. ಸಲೈನ್ ಪೂರ್ತಿ ತೆಗೆದರು. ಆ ಕ್ಷಣ ಕುಡಿದ ಒಂದು ಲೋಟ ತಣ್ಣೀರು ಎದೆಯಲ್ಲಿ ತಡೆಯದೆ ಇಳಿದದ್ದು ಇನ್ನೂ ನೆನಪಿದೆ. ಅತ್ತುಬಿಟ್ಟೆ.

ಆ ಸಲ ನೋಡಿದ ಸರ್ಜನ್ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಆ ವಿವರಣೆ ಮೊದಲ ದಿನವೇ ಸಿಕ್ಕಿದ್ದರೆ ನನಗೆ ಈ ಗತಿ ಬರುತ್ತಿರಲಿಲ್ಲ. ಬ್ಯಾಂಡ್ ಇರುವುದು ಊಟವನ್ನು ಮೇಲೆ ತಡೆದು ನಿಲ್ಲಿಸಲಿಕ್ಕಲ್ಲ. ಪ್ರತಿ ತುತ್ತನ್ನೂ ಅನ್ನನಾಳ ಹಲವು ಸಲ ಹಿಂಡಿ ಪಟ್ಟಿಯ ಆಚೆ ದಾಟಿಸುತ್ತದೆ. ಒಂದೊಂದು ಹಿಂಡುವಿಕೆಗೂ ಜಠರದ ಮೇಲ್ತುದಿಯ ನರಗಳು ಮಿದುಳಿಗೆ ‘ಸಾಕು’ ಎಂಬ ಸುದ್ದಿ ಮುಟ್ಟಿಸುತ್ತವೆ. ಒಂದು ತುತ್ತು ದಾಟುವ ಮೊದಲೇ ಇನ್ನೊಂದು ಹಾಕಿದರೆ, ಅಥವಾ ದಾಟಲಾರದಷ್ಟು ಪಟ್ಟಿ ಬಿಗಿಯಿದ್ದರೆ, ಅದು ಮೇಲೆ ಗುಡ್ಡೆ ಬಿದ್ದು ಚೀಲ ಹಿಗ್ಗುತ್ತದೆ. ಹಾಗಾಗಿ ಆ ಒಂದು ನಿಮಿಷ ಕಾಯುವುದು ಶಿಷ್ಟಾಚಾರವಲ್ಲ, ಬ್ಯಾಂಡ್ ಕೆಲಸ ಮಾಡಲು ಬೇಕಾದ ಸಮಯ.

ಆರು ವಾರ ಖಾಲಿ ಬ್ಯಾಂಡ್. ಹಸಿವೆ ಹಳೆಯ ನೆಂಟನ ಹಾಗೆ ವಾಪಸ್ಸು ಬಂತು. ಚೀಲ ಮೊದಲಿನ ಅಳತೆಗೆ ಮರಳಿತು, ಆದರೆ ಹೆದರಿ ಫಿಲ್ ಮುಂದೂಡುತ್ತಾ ಹೋದೆ, ವರ್ಷ ಕಳೆಯುವಷ್ಟರಲ್ಲಿ 91 ಕೆಜಿ. ಆಮೇಲೆ 0.3, 0.5ರಂತೆ ತುಂಬಿಸಿಕೊಂಡು 5.4ಕ್ಕೆ ನಿಲ್ಲಿಸಿದ್ದೇನೆ. ಒಂಬತ್ತು ವರ್ಷದಿಂದ ಅಷ್ಟೇ ಇದೆ. ತೂಕ 83ರಿಂದ 85ರ ನಡುವೆ. ಸಕ್ಕರೆಯ ಮೂರು ತಿಂಗಳ ಸರಾಸರಿ 6.3, ಮಾತ್ರೆ ಇಲ್ಲ. ತರಕಾರಿ ತಿನ್ನುತ್ತೇನೆ, ಮಲಗಿ ನಿದ್ದೆ ಮಾಡುತ್ತೇನೆ. 76 ಕೆಜಿಯ ಆ ದಿನಗಳಿಗಿಂತ ಇದು ಎಷ್ಟೋ ಮೇಲು.

ಊರಿಗೆ ಹೋದಾಗಿನ ಕಷ್ಟವೇ ಬೇರೆ. ವಿಮಾನದಲ್ಲಿ ಬ್ಯಾಂಡ್ ಬಿಗಿಯಾದ ಹಾಗೆ ಅನಿಸುತ್ತದೆ. ಪ್ರಯಾಣದ ದಿನ ಸೂಪು, ಮೊಸರು ಮಾತ್ರ. ಬೆಳಗಿನ ಹೊತ್ತೂ ಬಿಗಿ, ಮುಟ್ಟಿನ ದಿನಗಳಲ್ಲೂ ಬಿಗಿ. ಇನ್ನು ಮದುವೆ ಊಟ. ಬಾಳೆಲೆ ಮುಂದೆ ಕೂತರೆ ಬಡಿಸುವವರು ಓಡುತ್ತಾರೆ, ಪಕ್ಕದವರು ಪಾಯಸಕ್ಕೆ ಬರುವಷ್ಟರಲ್ಲಿ ನಾನು ಕೋಸಂಬರಿಯಲ್ಲೇ ಇರುತ್ತೇನೆ. ಎಲೆಯಲ್ಲಿ ಬಿಟ್ಟೇಳುವುದು ಅನ್ನಕ್ಕೆ ಅವಮಾನ ಅಂತ ಬೆಳೆಸಿದ ಅಮ್ಮ, ಮೊದಲ ಸಲ ನಾನು ಅರ್ಧ ಹೋಳಿಗೆ ಬಿಟ್ಟಾಗ ಮಾತಾಡದೆ ಎದ್ದು ಒಳಗೆ ಹೋದರು. ಅತ್ತೆಯ ಮನೆಯಲ್ಲಿ ನಾನು ಆಪರೇಷನ್ ವಿಷಯ ಮುಚ್ಚಿಟ್ಟಿದ್ದೆ, ಅದು ತಪ್ಪು. ಗೊತ್ತಿಲ್ಲದವರು ಪ್ರೀತಿಯಿಂದ ಒತ್ತಾಯ ಮಾಡುತ್ತಾರೆ, ನೀವು ಬಚ್ಚಲಿಗೆ ಓಡುತ್ತೀರಿ. ಮುಚ್ಚಿಡಬೇಡಿ. ಅಮ್ಮನಿಗೆ ಆ ಸರ್ಜನ್ ಬರೆದ ಚಿತ್ರವನ್ನೇ ಬರೆದು ತೋರಿಸಿದೆ. ಆಮೇಲಿಂದ ನನಗೆ ಊಟದ ತಟ್ಟೆ ಇಡುವುದಿಲ್ಲ, ಅಪ್ಪನ ಕಾಲದ ಒಂದು ಸಣ್ಣ ಬೆಳ್ಳಿ ಬಟ್ಟಲಿನಲ್ಲಿ ಕೊಡುತ್ತಾರೆ.

ಇನ್ನಷ್ಟು ಬಿಡಿ ಸಂಗತಿಗಳು. ತೂಕ ಇಳಿದಂತೆ ಪೋರ್ಟ್ ಚರ್ಮದಡಿ ಉಬ್ಬಿ ಕಾಣುತ್ತದೆ, ಬೋರಲು ಮಲಗಿದರೆ ಒತ್ತುತ್ತದೆ, ನನಗಂತೂ ಸೀರೆಯ ಗಂಟು ಅಲ್ಲಿಂದ ಕೆಳಗೇ ಬೇಕು. ನಾಲ್ಕನೇ ತಿಂಗಳಲ್ಲಿ ಕೂದಲು ಗೊಂಚಲಾಗಿ ಉದುರಿತು, ವರ್ಷದೊಳಗೆ ಮರಳಿತು. ಐಬುಪ್ರೊಫೆನ್ ಥರದ ನೋವಿನ ಮಾತ್ರೆ ನುಂಗಬೇಡಿ, ಜಠರಕ್ಕೆ ಹುಣ್ಣು ತರುತ್ತದೆ. ದೊಡ್ಡ ಮಾತ್ರೆ ಯಾವುದನ್ನು ಪುಡಿ ಮಾಡಬಹುದು ಅಂತ ಫಾರ್ಮಸಿಯಲ್ಲಿ ಕೇಳಿ, ನಿಧಾನವಾಗಿ ಕರಗುವ ಮಾತ್ರೆಗಳನ್ನು ಪುಡಿ ಮಾಡಬಾರದು. ನಿಮ್ಮ ಬ್ಯಾಂಡಿನ ಹೆಸರು, ಅಳತೆ, ಈಗಿರುವ ಸಲೈನ್ ಬರೆದ ಚೀಟಿ ಪರ್ಸಿನಲ್ಲಿರಲಿ. ಈಗ ಎಲ್ಲ ಕಡೆ ಜಠರದ ಬಹುಭಾಗ ಕತ್ತರಿಸಿ ತೆಗೆಯುವ ಸ್ಲೀವ್ ಆಪರೇಷನ್ನೇ ಹೆಚ್ಚು. ಬ್ಯಾಂಡ್ ಮುಟ್ಟಿ ಗೊತ್ತಿರುವ ವೈದ್ಯರು ಕಮ್ಮಿಯಾಗುತ್ತಿದ್ದಾರೆ.

ಹಾಕಿಸಿಕೊಳ್ಳಬಹುದಾ ಅಂತ ತಂಗಿಯ ಮಗಳು ಕೇಳಿದಳು. ಓಬ್ರಿಯನ್ ತಂಡ 2013ರಲ್ಲಿ ಹದಿನೈದು ವರ್ಷದ ಲೆಕ್ಕ ಪ್ರಕಟಿಸಿತ್ತು. ಹೆಚ್ಚುವರಿ ತೂಕದಲ್ಲಿ ಸರಾಸರಿ ನೂರಕ್ಕೆ 47 ಭಾಗ ಇಳಿದು ಉಳಿದಿತ್ತು, ಆದರೆ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಮತ್ತೊಂದು ಆಪರೇಷನ್ ಬೇಕಾಗಿತ್ತು. ಅದೂ ಜೀವನವಿಡೀ ನೋಡಿಕೊಳ್ಳುವ ವ್ಯವಸ್ಥೆ ಇದ್ದ ಕಡೆ. ಅವಳಿರುವ ಊರಿನಿಂದ ಫಿಲ್ ಮಾಡುವವರ ಬಳಿಗೆ ಆರು ಗಂಟೆ ಬಸ್ಸು. ಬೇಡ ಅಂದೆ. ಸ್ಲೀವ್ ಬಗ್ಗೆ, ತೂಕ ಇಳಿಸಲು ಈಗ ಬಂದಿರುವ ಚುಚ್ಚುಮದ್ದಿನ ಬಗ್ಗೆ ಇಬ್ಬರು ವೈದ್ಯರ ಹತ್ತಿರ ಕೂತು ಕೇಳು ಅಂದೆ. ನಿನ್ನದನ್ನು ತೆಗೆಸುತ್ತೀಯಾ ಅಂತಲೂ ಕೇಳಿದಳು. ಇಲ್ಲ. ಫೆಬ್ರವರಿಯಲ್ಲಿ ವರ್ಷದ ಬೇರಿಯಂ ಪರೀಕ್ಷೆ ಇದೆ. ಅನ್ನನಾಳ ಸರಿಯಿದ್ದರೆ 5.4 ಹಾಗೇ ಇರುತ್ತದೆ. ಅಮ್ಮ ಕಳಿಸಿದ ರಾಗಿ ಹಿಟ್ಟು ಡಬ್ಬಿಯಲ್ಲಿದೆ. ಮುದ್ದೆಗೆ ಆಗದು, ಅಂಬಲಿಗೆ ಆಗುತ್ತದೆ.