ಡಿಡಿಯು: ಹಳೆಯ ಗ್ರಾಫಿಕ್ಸ್ ಡ್ರೈವರನ್ನು ಬೇರುಸಹಿತ ಕೀಳುವ ಉಚಿತ ತಂತ್ರಾಂಶ

ಆಟದ ನಡುವೆ ಪರದೆ ಕ್ಷಣಕಾಲ ಕಪ್ಪಾಗಿ, ವಿಂಡೋಸ್‌ನ ದೋಷ, ಎಚ್ಚರಿಕೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ 4101 ಸಂಖ್ಯೆಯ ಎಚ್ಚರಿಕೆ ದಾಖಲಾಗಿದ್ದರೆ, ಗ್ರಾಫಿಕ್ಸ್ ಚಿಪ್ ಸಮಯಕ್ಕೆ ಸರಿಯಾಗಿ ಪ್ರತಿಕ್ರಿಯಿಸದ ಕಾರಣ ವಿಂಡೋಸ್ ಆ ಚಿಪ್ಪನ್ನು ನಡೆಸುವ ತಂತ್ರಾಂಶವನ್ನು, ಅಂದರೆ ಡ್ರೈವರನ್ನು, ಮರುಚಾಲನೆಗೊಳಿಸಿದೆ ಎಂದರ್ಥ. ಈ ಗಡುವು ಸಾಮಾನ್ಯವಾಗಿ 2 ಸೆಕೆಂಡು. ನನ್ನ ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಡ್ರೈವರ್ ಅಪ್‌ಡೇಟ್ ಆದ ಬಳಿಕ ಪದೇ ಪದೇ ಕಾಡಿದ ಈ ತೊಂದರೆ ಮಾಮೂಲಿ ಅನ್‌ಇನ್‌ಸ್ಟಾಲ್‌ಗೆ ಬಗ್ಗಲಿಲ್ಲ. ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್, ಅಂದರೆ ಡಿಡಿಯು, ಹಳೆಯ ಡ್ರೈವರಿನ ಕಡತಗಳನ್ನೂ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಉಳಿದ ನಮೂದುಗಳನ್ನೂ ಗುಡಿಸಿಹಾಕಿದ ಮೇಲೆ, ಲ್ಯಾಪ್‌ಟಾಪ್ ತಯಾರಕರೇ ಕೊಡುವ ಡ್ರೈವರ್ ಹಾಕಿದಾಗ ಆ ತೊಂದರೆ ನಿಂತಿತು.

ಡಿಡಿಯುವನ್ನು, ಅತ್ಯಗತ್ಯ ಡ್ರೈವರುಗಳಷ್ಟೇ ಚಾಲೂ ಇರುವ ಸೇಫ್ ಮೋಡ್‌ನಲ್ಲಿ ನಡೆಸಬೇಕು. ಅದಕ್ಕೂ ಮೊದಲು ಇಂಟರ್ನೆಟ್ ಸಂಪರ್ಕ ತೆಗೆಯದಿದ್ದರೆ, ಮರುಚಾಲನೆಯಾದೊಡನೆ ವಿಂಡೋಸ್ ತಾನೇ ಬೇರೊಂದು ಡ್ರೈವರನ್ನು ತಂದು ಕೂರಿಸಬಹುದು. ಬಿಟ್‌ಲಾಕರ್ (ಡಿಸ್ಕಿನ ಮಾಹಿತಿಯನ್ನು ಗೂಢಲಿಪೀಕರಿಸುವ ವಿಂಡೋಸ್ ಸೌಲಭ್ಯ) ಇರುವ ಯಂತ್ರ ಸೇಫ್ ಮೋಡ್‌ಗೆ ಹೋಗುವಾಗ ರಿಕವರಿ ಕೀ ಕೇಳುವ ಸಾಧ್ಯತೆಯಿದೆ, ಆದ್ದರಿಂದ ಅದನ್ನು ಮುಂಚೆಯೇ ಬರೆದಿಟ್ಟುಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಚಿಪ್‌ಗಳಿರುವುದುಂಟು. ಪಟ್ಟಿಯಲ್ಲಿ ಎನ್‌ವಿಡಿಯಾ, ಎಎಮ್‌ಡಿ, ಇಂಟೆಲ್ ಪೈಕಿ ಯಾವುದನ್ನು ಆರಿಸುತ್ತಿದ್ದೇವೆಂದು ನೋಡಿಯೇ ಮುಂದುವರಿಯಬೇಕು. ಆಯ್ಕೆಗಳ ಪರದೆ ಹೊಸಬರಿಗೆ ಗೊಂದಲಮಯ ಎಂಬುದೊಂದೇ ನನ್ನ ಆಕ್ಷೇಪ. ಫ್ಯಾನಿನಲ್ಲಿ ಧೂಳು ತುಂಬಿ ಚಿಪ್ ಕಾದು ಆಟ ನಿಲ್ಲುತ್ತಿದ್ದರೆ ಮಾತ್ರ ಡಿಡಿಯುನಿಂದ ಪ್ರಯೋಜನವಿಲ್ಲ, ಯಂತ್ರವನ್ನು ಬಿಚ್ಚಿಸಿ ಶುಚಿಗೊಳಿಸಬೇಕಾಗುತ್ತದೆ.